ಆರು ಚುಕ್ಕೆಯ ಕೇಸ್ ಟ್ರ್ಯಾಪರ್: ಚಾಕು, ಮಾರಿದವರು, ಕೊಂಡ ರೀತಿ

ಮೊದಲು ಚಾಕು ಯಾವುದು ಅಂತ ಹೇಳಿಬಿಡುತ್ತೇನೆ. ಅಮೆರಿಕದ ಕೇಸ್ ಕಂಪನಿಯ 6254 ಟ್ರ್ಯಾಪರ್, ಜೇಬಿನಲ್ಲಿಡುವ ಮಡಚುವ ಚಾಕು. ಎರಡು ಅಲಗು, ಕಂದು ಮೂಳೆಯ ಹಿಡಿ, ಮಡಚಿದಾಗ ನಾಲ್ಕು ಇಂಚಿಗಿಂತ ಚೂರು ಜಾಸ್ತಿ ಉದ್ದ. ಅಲಗಿನ ಬುಡದಲ್ಲಿ ‘ಕೇಸ್ ಎಕ್ಸ್‌ಎಕ್ಸ್ ಯು.ಎಸ್.ಎ.’ ಅನ್ನುವ ಮುದ್ರೆ ಇದೆ, ಅದರ ಕೆಳಗೆ ಆರು ಚುಕ್ಕೆ. ಅಂದ್ರೆ 1974ರಲ್ಲಿ ಮಾಡಿದ್ದು. ಕೊಂಡದ್ದು ಆನ್‌ಲೈನಲ್ಲಿ, ಒಮ್ಮೆಯೂ ಮುಖ ನೋಡದ ಒಬ್ಬ ಸಂಗ್ರಾಹಕರಿಂದ, 135 ಡಾಲರಿಗೆ. ಅಂಚೆ ಖರ್ಚು ಅವರದೇ.

ಚಾಕುವಿನ ಬಗ್ಗೆ ಅರ್ಧ, ಮಾರಿದವರ ಬಗ್ಗೆ ಅರ್ಧ ಬರೆಯುತ್ತೇನೆ. ಹಳೆ ಚಾಕು ಕೊಳ್ಳಬೇಕು ಅಂತಿರುವವರಿಗೆ ಎರಡನೇ ಅರ್ಧವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಚಾಕು ಹೇಗಿದೆ ಅನ್ನುವುದು ಪೊಟ್ಟಣ ಬಿಚ್ಚಿದ ಮೇಲೆ ತಾನಾಗೇ ತಿಳಿಯುತ್ತದೆ. ಮಾರುವವರು ಎಂಥವರು ಅನ್ನುವುದು ದುಡ್ಡು ಕಳಿಸುವ ಮುಂಚೆಯೇ ತಿಳಿಯಬೇಕು.

ನಾನು ತೀರ್ಥಹಳ್ಳಿ ಕಡೆಯವಳು. ಸುಗ್ಗಿ ಬಂತೆಂದರೆ ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ ಮನೆ. ಅಲಗಿನ ಮೇಲೆ ಹೆಬ್ಬೆರಳು ಅಡ್ಡ ಆಡಿಸಿ ‘ಇದು ಇನ್ನೆರಡು ದಿನ ಬರುತ್ತೆ, ಆಮೇಲೆ ಮಸೀಬೇಕು’ ಅಂತ ಹೇಳುವ ಹೆಂಗಸರ ನಡುವೆ ಬೆಳೆದೆ. ಈಗ ಪಿಟ್ಸ್‌ಬರ್ಗಿನಲ್ಲಿ ಆಸ್ಪತ್ರೆ ಲ್ಯಾಬೊಂದರಲ್ಲಿ ಕೆಲಸ. ಮಡಚುವ ಚಾಕು ಕೂಡಿಡುವವರಿಗೆ ಈ ಪೆನ್ಸಿಲ್ವೇನಿಯಾ ತವರುಮನೆ ಇದ್ದ ಹಾಗೆ. ಕೇಸ್ ಕಾರ್ಖಾನೆ ಬ್ರಾಡ್‌ಫರ್ಡ್‌ನಲ್ಲಿದೆ. ಗ್ರೇಟ್ ಈಸ್ಟರ್ನ್ ಕಟ್ಲರಿ ಅನ್ನುವ ಇನ್ನೊಂದು ಚಾಕು ಕಂಪನಿ ಟೈಟಸ್‌ವಿಲ್‌ನಲ್ಲಿದೆ, 1859ರಲ್ಲಿ ಎಡ್ವಿನ್ ಡ್ರೇಕ್ ಅನ್ನುವವರು ಪೆಟ್ರೋಲಿಯಂ ಬಾವಿ ಕೊರೆದ ಅದೇ ಊರು. ಎರಡೂ ನಮ್ಮ ಮನೆಯಿಂದ ಬೆಳಿಗ್ಗೆ ಕಾರಲ್ಲಿ ಹೊರಟರೆ ಸಂಜೆಗೆ ವಾಪಸ್ ಬರುವಷ್ಟು ದೂರ. ಆದರೆ ಐವತ್ತು ವರ್ಷ ಹಳೆಯ ಚಾಕು ಕಾರ್ಖಾನೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಯಾರದೋ ಮನೆಯ ಡ್ರಾಯರಿನಲ್ಲಿರುತ್ತದೆ. ಆ ಡ್ರಾಯರು ಟೆನೆಸ್ಸಿಯಲ್ಲಿರಬಹುದು, ಒರೆಗಾನ್‌ನಲ್ಲಿರಬಹುದು. ಹಾಗಾಗಿ ಆನ್‌ಲೈನ್ ಬಿಟ್ಟರೆ ಬೇರೆ ದಾರಿ ಕಡಿಮೆ.

ಕೇಸ್ ಚಾಕುಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಈ ಚುಕ್ಕೆ ಲೆಕ್ಕ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಇಟ್ಟು ಶುರು ಮಾಡಿದರು. ವರ್ಷಕ್ಕೊಂದು ತೆಗೆಯುತ್ತಾ ಹೋದರು. 1979ಕ್ಕೆ ಉಳಿದದ್ದು ಒಂದೇ ಚುಕ್ಕೆ. 1980ರಲ್ಲಿ ಮತ್ತೆ ಹತ್ತರಿಂದ ಶುರು, ಆದರೆ ಆ ಸಲ ಇಂಗ್ಲಿಷಿನ ಎಸ್ ಅಕ್ಷರವನ್ನು ಮಿಂಚಿನ ಗೆರೆಯಂತೆ ಚೂಪಾಗಿ ಎಳೆದರು. ಚುಕ್ಕೆ ಬರುವ ಮುಂಚೆ, 1965ರಿಂದ 1969ರವರೆಗಿನ ಮುದ್ರೆಯಲ್ಲಿ ಬರೀ ‘ಯು.ಎಸ್.ಎ.’ ಇತ್ತು. ಅದಕ್ಕೂ ಹಿಂದಿನದರಲ್ಲಿ ಅದೂ ಇಲ್ಲ, ‘ಕೇಸ್ ಎಕ್ಸ್‌ಎಕ್ಸ್’ ಅಷ್ಟೇ. ಹಿಡಿಯ ಗುಟ್ಟೂ ನಂಬರಿನಲ್ಲೇ ಇದೆ. 6254ರಲ್ಲಿ ಮೊದಲ 6 ಅಂದ್ರೆ ಗೀರು ಹಾಕಿದ ಮೂಳೆ, 2 ಅಂದ್ರೆ ಎರಡು ಅಲಗು, 54 ಅಂದ್ರೆ ಟ್ರ್ಯಾಪರ್ ಮಾದರಿ. ಅದೇ ಚಾಕು ಜಿಂಕೆ ಕೊಂಬಿನ ಹಿಡಿಯಲ್ಲಿ ಬಂದರೆ 5254 ಆಗುತ್ತದೆ. ಅಲಗಿನ ಬುಡದಲ್ಲೇ ಚಾಕುವಿನ ಜಾತಕ ಬರೆದಿಟ್ಟಿದ್ದಾರೆ ಅಂದರೂ ಸರಿಯೇ.

ಮೋಸ ಹೊಕ್ಕುವುದೂ ಇದೇ ಜಾಗದಲ್ಲಿ. ಚುಕ್ಕೆ ಇಲ್ಲದ ಚಾಕುವಿಗೆ ಚುಕ್ಕೆ ಇರುವುದಕ್ಕಿಂತ ಬೆಲೆ ಜಾಸ್ತಿ. ಬರೀ ‘ಎಕ್ಸ್‌ಎಕ್ಸ್’ ಇದ್ದರೆ ಇನ್ನೂ ಜಾಸ್ತಿ. ಒಂದು ಚೂರು ಉಜ್ಜಿ ಚುಕ್ಕೆ ಅಳಿಸಿದರೆ ಚಾಕುವಿಗೆ ನಾಲ್ಕೈದು ವರ್ಷ ವಯಸ್ಸು ಕೂಡುತ್ತದೆ, ಬೆಲೆಯೂ ಕೂಡುತ್ತದೆ. ನೇರ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅದು ಗೊತ್ತೇ ಆಗುವುದಿಲ್ಲ. ಓರೆ ಬೆಳಕು ಬಿದ್ದರೆ ಮಾತ್ರ ಉಜ್ಜಿದ ಜಾಗ ಸಣ್ಣ ಹಳ್ಳವಾಗಿ ಕಾಣುತ್ತದೆ.

ಈಗ ನನಗೆ ಮಾರಿದವರ ವಿಷಯ. ಅವರ ಹೆಸರು ಬರೆಯುವುದಿಲ್ಲ, ನಿವೃತ್ತ ಮೇಷ್ಟ್ರು ಅಂತಷ್ಟೇ ಗೊತ್ತು. ಅವರು ಹಾಕಿದ ಮೊದಲ ಫೋಟೋನೇ ಅಲಗಿನ ಬುಡದ್ದು, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ತೆಗೆದದ್ದು. ಆರು ಚುಕ್ಕೆಯನ್ನೂ ಎಣಿಸಬಹುದಿತ್ತು. ಆಮೇಲೆ ಎರಡೂ ಬದಿ, ಬೆನ್ನು, ಮಡಚಿ ಮೇಲಿನಿಂದ ತೆಗೆದದ್ದು. ಒಂದು ಫೋಟೋದಲ್ಲಿ ಚಾಕುವಿನ ಪಕ್ಕ ಅವರ ಕೈಬರಹದಲ್ಲಿ ಹೆಸರು, ಆ ದಿನದ ತಾರೀಕು ಬರೆದ ಚೀಟಿ. ಇದಕ್ಕೆ ಟೈಮ್‌ಸ್ಟ್ಯಾಂಪ್ ಅನ್ನುತ್ತಾರೆ. ಬೇರೆಯವರ ಫೋಟೋ ಕದ್ದು, ತನ್ನ ಹತ್ತಿರ ಇಲ್ಲದ ಚಾಕು ಮಾರುವವರು ಇರುವುದರಿಂದ ಈ ಚೀಟಿ ಕೇಳುವುದು ಅವಮಾನ ಅಲ್ಲ. ಕೇಳಿದ್ದಕ್ಕೆ ಸಿಡುಕಿದರೆ ಅಲ್ಲಿಂದ ಸುಮ್ನೆ ಹೊರಟುಬಿಡಿ.

ವಿವರಣೆ ಕೆಳಗೆ ಅವರು ಬರೆದಿದ್ದ ಮಾತು ಹೀಗಿತ್ತು: ಹಿಂಬದಿಯ ಮೂಳೆಯಲ್ಲಿ, ನಡುವಿನ ಪಿನ್ ಹತ್ತಿರ, ಕೂದಲೆಳೆಯಷ್ಟು ಬಿರುಕು ಇದೆ. ಉಗುರಿಗೆ ಸಿಗುವುದಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಉದ್ದ ಅಲಗನ್ನು ಕಲ್ಲಿನ ಮೇಲೆ ಒಮ್ಮೆ ಮಸೆದಿದ್ದೇನೆ. ಇನ್ನೊಂದು ಅಲಗು ಸಾಣೆ ಕಂಡಿಲ್ಲ. ಸ್ಪ್ರಿಂಗ್ ಎರಡೂ ಗಟ್ಟಿ. ಅಲಗು ಅಲ್ಲಾಡುವುದಿಲ್ಲ.

ಬಿರುಕಿನ ಫೋಟೋ ಬೇರೆಯೇ ಹಾಕಿದ್ದರು. ಅದನ್ನು ಹೇಳದೇ ಇದ್ದಿದ್ದರೆ ಬಹುಶಃ ಇನ್ನೊಂದು ಇಪ್ಪತ್ತು ಡಾಲರ್ ಜಾಸ್ತಿ ಬರುತ್ತಿತ್ತು. ನಾನು ದುಡ್ಡು ಕಳಿಸಲು ನಿರ್ಧಾರ ಮಾಡಿದ್ದು ಆ ಬಿರುಕಿನ ಫೋಟೋ ನೋಡಿಯೇ. ಕೇಳುವ ಮುಂಚೆ ಕೊರತೆ ಹೇಳುವವರು ಕೇಳಿದಾಗ ಸುಳ್ಳು ಹೇಳುವುದು ಕಡಿಮೆ. ಇಷ್ಟು ವರ್ಷದ ಕೊಳ್ಳುವಿಕೆಯಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಇದೊಂದನ್ನೇ. ನೂರಾರು ಒಳ್ಳೆ ಮಾತಿನ ಫೀಡ್‌ಬ್ಯಾಕ್ ಇದ್ದರೂ, ‘ಸ್ಥಿತಿ ಚೆನ್ನಾಗಿದೆ, ಫೋಟೋ ನೋಡಿ’ ಅಂತ ಒಂದೇ ಸಾಲು ಬರೆದವರ ಹತ್ತಿರ ನಾನು ದುಬಾರಿ ಚಾಕು ಕೊಳ್ಳುವುದಿಲ್ಲ.

ಕೊಳ್ಳುವ ರೀತಿಯಲ್ಲಿ ನಮ್ಮವರಿಗೆ ಹೊಸದಾಗಿ ಕಾಣುವ ಒಂದೆರಡು ಪದ್ಧತಿ ಇವೆ. ಸಂಗ್ರಾಹಕರು ತಮ್ಮತಮ್ಮಲ್ಲೇ ಮಾರುವಾಗ, ಎಲ್ಲರಿಗೂ ಕಾಣುವಂತೆ ‘ಐ ವಿಲ್ ಟೇಕ್ ಇಟ್’ ಅಂತ ಮೊದಲು ಬರೆದವರಿಗೆ ಚಾಕು. ನೀವು ಖಾಸಗಿಯಾಗಿ ಹತ್ತು ಪ್ರಶ್ನೆ ಕೇಳುತ್ತಾ ಕೂತಿರುವಾಗ ಇನ್ನೊಬ್ಬರು ಬಂದು ಆ ಮಾತು ಬರೆದರೆ ಮುಗಿಯಿತು, ಜಗಳ ಮಾಡುವ ಹಾಗಿಲ್ಲ. ಹಾಗೇ, ಆ ಮಾತು ಬರೆದ ಮೇಲೆ ಹಿಂದೆ ಸರಿಯುವುದು ದೊಡ್ಡ ತಪ್ಪು. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅನ್ನುವುದನ್ನು ಬರೆಯುವ ಮುಂಚೆಯೇ ಮುಗಿಸಿಕೊಳ್ಳಬೇಕು.

ಇನ್ನೊಂದು ಚೌಕಾಸಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅರ್ಧ ರೇಟಿಗೆ ಕೇಳಿ, ಎದ್ದು ಹೊರಟ ಹಾಗೆ ಮಾಡಿ, ಮತ್ತೆ ಕರೆಸಿಕೊಂಡು ಕೊಳ್ಳುವುದರಲ್ಲಿ ಒಂದು ಖುಷಿ ಇದೆ. ಅಂಗಡಿಯವನಿಗೂ ಅದು ಗೊತ್ತು, ನಮಗೂ ಗೊತ್ತು. ಇಲ್ಲಿ ಹಾಗಲ್ಲ. ಬೆಲೆ ಹಾಕಿದವರು ಅದೇ ಮಾದರಿ ಇತ್ತೀಚೆಗೆ ಎಷ್ಟಕ್ಕೆ ಹೋಗಿದೆ ಅಂತ ನೋಡಿಯೇ ಹಾಕಿರುತ್ತಾರೆ. ಕೇಳಬಹುದು, ಒಂದೇ ಸಲ, ಮರ್ಯಾದೆಯಿಂದ, ಒಂದು ನಿರ್ದಿಷ್ಟ ಮೊತ್ತ ಹೇಳಿ ಕೇಳಬೇಕು. ‘ಲಾಸ್ಟ್ ಪ್ರೈಸ್ ಎಷ್ಟು?’ ಅನ್ನುವ ಪ್ರಶ್ನೆಗೆ ತುಂಬ ಜನ ಉತ್ತರವನ್ನೇ ಕೊಡುವುದಿಲ್ಲ. ಬೇರೆಯವರು ಮಾರುತ್ತಿರುವ ಕಡೆ ಹೋಗಿ ‘ಇದು ದುಬಾರಿ, ನಾನು ಅಲ್ಲಿ ಕಮ್ಮಿಗೆ ನೋಡಿದೆ’ ಅಂತ ಬರೆಯುವುದಂತೂ ಬೇಡವೇ ಬೇಡ. ಬೇಡ ಅನಿಸಿದರೆ ಮುಂದೆ ಹೋಗಬೇಕು. ನಾನು ಈ ಟ್ರ್ಯಾಪರಿಗೆ ಚೌಕಾಸಿ ಮಾಡಲಿಲ್ಲ. ಬೆಲೆ ನ್ಯಾಯವಾಗಿತ್ತು.

ದುಡ್ಡಿನ ವಿಷಯ ಇನ್ನೂ ಮುಖ್ಯ. ಇಲ್ಲಿ ಸಾಮಾನ್ಯವಾಗಿ ಪೇಪಾಲ್ ಬಳಸುತ್ತಾರೆ. ಅದರಲ್ಲಿ ಕಳಿಸುವುದಕ್ಕೆ ಎರಡು ದಾರಿ. ‘ಗೂಡ್ಸ್ ಅಂಡ್ ಸರ್ವಿಸಸ್’ ಒತ್ತಿ ಕಳಿಸಿದರೆ ಮಾರುವವರಿಗೆ ಶೇಕಡಾ 3ರ ಆಸುಪಾಸು ಶುಲ್ಕ ಕತ್ತರಿಯಾಗುತ್ತದೆ. ಆದರೆ ವಸ್ತು ಬರದೇ ಹೋದರೆ, ಅಥವಾ ಹೇಳಿದ್ದೇ ಒಂದು ಬಂದದ್ದೇ ಒಂದು ಆದರೆ, 180 ದಿನದ ಒಳಗೆ ನೀವು ದೂರು ಕೊಡಬಹುದು. ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಒತ್ತಿದರೆ ಶುಲ್ಕ ಉಳಿಯುತ್ತದೆ, ರಕ್ಷಣೆ ಇಲ್ಲ. ನೀವು ಅಣ್ಣನಿಗೆ ದುಡ್ಡು ಕಳಿಸಿದಂತೆ ಲೆಕ್ಕ, ವಾಪಸ್ ಕೇಳುವ ಹಕ್ಕು ಇರುವುದಿಲ್ಲ. ಪರಿಚಯವೇ ಇಲ್ಲದವರು ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿಯಲ್ಲೇ ಕಳಿಸಿ’ ಅಂತ ಒತ್ತಾಯ ಮಾಡಿದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಶುಲ್ಕ ಉಳಿಸುವ ಆಸೆ ಯಾರಿಗೂ ಇರುತ್ತದೆ, ಅದು ತಪ್ಪಲ್ಲ. ಹಾಗಿದ್ದರೆ ಶುಲ್ಕವನ್ನು ಮೊದಲೇ ಬೆಲೆಯಲ್ಲಿ ಸೇರಿಸಿ ಹಾಕಲಿ. ನನ್ನ ಮೇಷ್ಟ್ರು ಹಾಗೇ ಮಾಡಿದ್ದರು. ‘ಬೆಲೆಯಲ್ಲಿ ಎಲ್ಲವೂ ಸೇರಿದೆ, ಗೂಡ್ಸ್‌ನಲ್ಲೇ ಕಳಿಸಿ, ನಿಮಗೂ ನೆಮ್ಮದಿ’ ಅಂತ ಅವರೇ ಬರೆದರು.

ಒಂದು ಸಣ್ಣ ವಿಷಯ. ದುಡ್ಡು ಕಳಿಸುವಾಗ ಟಿಪ್ಪಣಿ ಜಾಗ ಖಾಲಿ ಬಿಡಿ ಅಂತ ಬಹಳ ಜನ ಕೇಳಿಕೊಳ್ಳುತ್ತಾರೆ. ಕಾನೂನಿನ ನಿರ್ಬಂಧ ಇರುವ ಕೆಲವು ಬಗೆಯ ಚಾಕುಗಳ ವ್ಯವಹಾರಕ್ಕೆ ಪೇಪಾಲ್ ಅವಕಾಶ ಕೊಡುವುದಿಲ್ಲ. ಸಾಮಾನ್ಯ ಪಾಕೆಟ್ ಚಾಕು ಆ ಪಟ್ಟಿಗೆ ಸೇರದಿದ್ದರೂ, ‘ನೈಫ್’ ಅನ್ನುವ ಒಂದು ಪದ ನೋಡಿ ಖಾತೆ ತಡೆಹಿಡಿದರೆ ತಲೆನೋವು ಅನ್ನುವ ಹೆದರಿಕೆ. ಕೇಳಿಕೊಂಡರೆ ಹಾಗೆ ಮಾಡಿ. ವಿವರವೆಲ್ಲ ಸಂದೇಶಗಳಲ್ಲಿ ಬರಹದಲ್ಲೇ ಇರಲಿ, ಫೋನಿನಲ್ಲಿ ಮುಗಿಸಬೇಡಿ.

ಪೊಟ್ಟಣ ಮೂರನೇ ದಿನ ಬಂತು. ಅಂಚೆ ಇಲಾಖೆಯ ಚಿಕ್ಕ ಫ್ಲಾಟ್ ರೇಟ್ ಡಬ್ಬಿ. ಅಲುಗಿಸಿ ನೋಡಿದೆ, ಒಳಗೆ ಏನೂ ಓಡಾಡಲಿಲ್ಲ. ಚಾಕುವನ್ನು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ಎರಡು ರಟ್ಟಿನ ನಡುವೆ ಕಟ್ಟಿದ್ದರು. ಮಡಚುವ ಚಾಕು ಬರೀ ಕವರಿನಲ್ಲಿ ಹಾಕಿ ಕಳಿಸುವವರೂ ಇದ್ದಾರೆ. ಅಂಚೆ ಯಂತ್ರದಲ್ಲಿ ಆ ಕವರು ಹರಿದು, ಒಳಗಿನದು ಬಿದ್ದು, ಖಾಲಿ ಕವರು ಮಾತ್ರ ಮನೆಗೆ ಬಂದ ಕಥೆಗಳನ್ನು ಸಂಗ್ರಾಹಕರೆಲ್ಲ ಕೇಳಿರುತ್ತಾರೆ. ಡಬ್ಬಿ ಕಡ್ಡಾಯ ಅಂತ ಮೊದಲೇ ಹೇಳಿಬಿಡಿ. ಇಲ್ಲಿಯ ಅಂಚೆ ಇಲಾಖೆಯ ಪ್ರಯಾರಿಟಿ ಮೇಲ್ ಸೇವೆಯಲ್ಲಿ 100 ಡಾಲರ್ ತನಕ ವಿಮೆ ಸೇರಿಯೇ ಇರುತ್ತದೆ. ಅದಕ್ಕಿಂತ ಬೆಲೆಬಾಳುವ ಚಾಕು ಆದರೆ ಮೇಲಿನ ಮೊತ್ತಕ್ಕೆ ಪ್ರತ್ಯೇಕ ವಿಮೆ ಮಾಡಿಸಬೇಕು. 750 ಡಾಲರ್ ದಾಟಿದರೆ ಸಹಿ ಪಡೆದು ಕೊಡುವ ಸೇವೆ ಇಲ್ಲದೆ ಪೇಪಾಲ್ ಮಾರುವವರ ಪರ ನಿಲ್ಲುವುದಿಲ್ಲ. ಅದಕ್ಕೆ ಅಂಥ ಚಾಕು ಮಾರುವವರು ‘ನೀವು ಮನೆಯಲ್ಲಿ ಇರುತ್ತೀರಾ?’ ಅಂತ ಕೇಳಿಯೇ ಕಳಿಸುತ್ತಾರೆ.

ಡಬ್ಬಿಯ ಒಳಗೆ ಒಂದು ಚೀಟಿ, ಅದಕ್ಕೆ ಟೇಪಿನಲ್ಲಿ ಅಂಟಿಸಿದ ಒಂದು ಪೆನ್ನಿ ನಾಣ್ಯ. ಚಾಕುವನ್ನು ಸುಮ್ಮನೆ ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸುತ್ತದೆ ಅನ್ನುವ ನಂಬಿಕೆ ಇಲ್ಲಿಯವರಿಗೂ ಇದೆ. ಪಡೆದವರು ಆ ನಾಣ್ಯ ವಾಪಸ್ ಕೊಟ್ಟು ‘ಕೊಂಡಂತೆ’ ಮಾಡುತ್ತಾರೆ. ನಾನು ಹೇಗೂ ದುಡ್ಡು ಕೊಟ್ಟೇ ಕೊಂಡಿದ್ದೆ, ಆದರೂ ಅವರು ಅಂಟಿಸಿದ್ದರು. ನಮ್ಮಜ್ಜಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಟ್ಟು ‘ತಗೋ’ ಅನ್ನುತ್ತಿದ್ದರು. ಆ ನಾಣ್ಯ ನೋಡಿ ಅವರ ನೆನಪಾಯಿತು.

ಚಾಕು ಹೇಗಿದೆ? ವಿವರಣೆಯಲ್ಲಿ ಹೇಳಿದ ಹಾಗೇ ಇದೆ. ಉದ್ದ ಅಲಗು ತೆರೆದಾಗ ಕೊನೆಯಲ್ಲಿ ಟಕ್ ಅಂತ ಕೂರುತ್ತದೆ, ಮಡಚುವಾಗಲೂ ಅಷ್ಟೇ. ಈ ಸದ್ದು ಮತ್ತು ಸ್ಪ್ರಿಂಗಿನ ಹಿಡಿತಕ್ಕೆ ಸಂಗ್ರಾಹಕರು ‘ವಾಕ್ ಅಂಡ್ ಟಾಕ್’ ಅನ್ನುತ್ತಾರೆ. ತೆರೆದ ಅಲಗನ್ನು ತುದಿಯಲ್ಲಿ ಹಿಡಿದು ಎಡಬಲ ಒತ್ತಿದೆ, ಅಲ್ಲಾಡಲಿಲ್ಲ. ಮೂಳೆಯ ಗೀರುಗಳ ಒಳಗೆ ಬಣ್ಣ ಕಡು ಕಂದು, ಉಬ್ಬಿದ ಜಾಗದಲ್ಲಿ ಜೇನಿನ ಬಣ್ಣ. ಕೈಬಳಕೆಯಿಂದ ಬರುವ ಬಣ್ಣ ಅದು. ಬಿರುಕನ್ನು ಹುಡುಕಲು ಕಿಟಕಿ ಹತ್ತಿರ ಹೋಗಬೇಕಾಯಿತು. ಎರಡನೇ ಅಲಗು ‘ಸ್ಪೇ’ ಮಾದರಿ, ತುದಿ ಮೊಂಡು. ಹಿಂದೆ ದನಕರುಗಳ ಬೀಜ ಒಡೆಯುವ ಕೆಲಸಕ್ಕೆ ಇಂಥ ಅಲಗು ಮಾಡಿದ್ದು, ಬೇಡದ ಕಡೆ ಚುಚ್ಚಿಕೊಳ್ಳಬಾರದು ಅಂತ. ಅದರ ಮೇಲೆ ಕಾರ್ಖಾನೆಯ ಗೀರು ಹಾಗೇ ಇವೆ, ಸಾಣೆ ಕಂಡಿಲ್ಲ ಅಂದದ್ದು ನಿಜ.

ಇದಕ್ಕೂ ಮುಂಚೆ ನನಗೊಂದು ಕಹಿ ಅನುಭವವೂ ಆಗಿತ್ತು. ಇನ್ನೊಬ್ಬ ಮಾರಾಟಗಾರರ ಹತ್ತಿರ, ಹೆಸರು ಬೇಡ, ‘ಮಿಂಟ್’ ಅಂತ ಬರೆದಿದ್ದ ಹಳೆ ಚಾಕು ಕೊಂಡೆ. ಮಿಂಟ್ ಅಂದ್ರೆ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಬಂದದ್ದು ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪು ನೋಡಿಯೇ ಅನುಮಾನ ಬಂತು. ಬಫಿಂಗ್ ಚಕ್ರಕ್ಕೆ ಹಿಡಿದಿದ್ದಾರೆ. ಮುದ್ರೆಯ ಅಕ್ಷರಗಳ ಅಂಚು ಕರಗಿದಂತಿತ್ತು. ಉಗುರು ಸಿಕ್ಕಿಸಿ ಅಲಗು ಎಳೆಯುವ ಗೀರಿನ ಅಂಚೂ ದುಂಡಗಾಗಿತ್ತು. ತುಕ್ಕಿನ ಕಲೆ ತೆಗೆಯುವ ಆಸೆಗೆ ಲೋಹವನ್ನೇ ತೆಗೆದಿದ್ದರು. ಬರೆದು ಕೇಳಿದರೆ ‘ಕ್ಲೀನ್ ಮಾಡಿದ್ದೇನೆ ಅಷ್ಟೇ’ ಅಂದರು. ನಾನು ಗೂಡ್ಸ್‌ನಲ್ಲಿ ದುಡ್ಡು ಕಳಿಸಿದ್ದರಿಂದ, ಅವರ ವಿವರಣೆ ಮತ್ತು ನನ್ನ ಫೋಟೋ ಎರಡನ್ನೂ ಇಟ್ಟು ದೂರು ಕೊಟ್ಟೆ, ದುಡ್ಡು ವಾಪಸ್ ಬಂತು. ಚಾಕು ಕಳಿಸಿಕೊಟ್ಟೆ. ನನಗೆ ಬೇಜಾರಾದದ್ದು ದುಡ್ಡಿಗಲ್ಲ. ಐವತ್ತು ವರ್ಷ ಯಾರದೋ ಜೇಬಿನಲ್ಲಿ ಇದ್ದು ಬಂದ ಬೂದು ಬಣ್ಣವನ್ನು ಹತ್ತು ನಿಮಿಷದಲ್ಲಿ ಚಕ್ರಕ್ಕೆ ಕೊಟ್ಟರಲ್ಲ ಅಂತ. ಆ ಬೂದು ಬಣ್ಣಕ್ಕೆ ಪಟೀನ ಅನ್ನುತ್ತಾರೆ. ಕೆಂಪಗೆ ಪುಡಿ ಉದುರಿದರೆ ತುಕ್ಕು, ಅದು ಕೊರೆಯುತ್ತದೆ. ಬೂದು, ನೀಲಿ ಬಣ್ಣದ ಪಟೀನ ಏನೂ ಕೆಡಿಸುವುದಿಲ್ಲ, ಒಂದು ಮಟ್ಟಿಗೆ ಕಾಯುತ್ತದೆ ಕೂಡ. ದಯವಿಟ್ಟು ಮಾರುವ ಮುಂಚೆ ಉಜ್ಜಬೇಡಿ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸಾಕು.

ಕೊಳ್ಳುವುದಕ್ಕಿಂತ ನಂಬಿಕೆ ಜಾಸ್ತಿ ಬೇಕಾಗುವುದು ಅದಲುಬದಲು ಮಾಡುವಾಗ. ದುಡ್ಡೇ ಕೈ ಬದಲಾಗದಿದ್ದರೆ ಪೇಪಾಲ್ ರಕ್ಷಣೆಯೂ ಇಲ್ಲ. ನನ್ನ ಹತ್ತಿರ ಗ್ರೇಟ್ ಈಸ್ಟರ್ನ್‌ನ 15ನೇ ಮಾದರಿಯ ಚಾಕು ಎರಡಿದ್ದವು. ಮಡಚಿದಾಗ ಮೂರೂವರೆ ಇಂಚಿನ ಪುಟ್ಟ ಚಾಕು, 1095 ಅನ್ನುವ ಕಾರ್ಬನ್ ಉಕ್ಕು. ಮಾವಿನ ಹಣ್ಣು ಒಂದು ಸಲ ಕುಯ್ದರೆ ಅಲಗು ನೀಲಿಯಾಗುತ್ತದೆ, ಅಷ್ಟು ಬೇಗ ಹಣ್ಣಿನ ಹುಳಿಗೆ ಸ್ಪಂದಿಸುತ್ತದೆ. ಈ ಕಂಪನಿ ಶುರುವಾದದ್ದು 2006ರಲ್ಲಿ. ಒಂದೊಂದು ಮಾದರಿಯನ್ನೂ ಸ್ವಲ್ಪ ಸ್ವಲ್ಪವೇ ಮಾಡುತ್ತಾರೆ, ಅಂಗಡಿಗೆ ಬಂದ ನಿಮಿಷಗಳಲ್ಲೇ ಖಾಲಿಯಾಗುವುದುಂಟು. ಆರಂಕಿಯ ನಂಬರಿನಲ್ಲಿ ಮೊದಲೆರಡು ಅಂಕಿ ಮಾದರಿ, ಕೊನೆಯ ಎರಡು ಅಂಕಿ ವರ್ಷ. ಚಾಕು ಬರುವುದು ರಟ್ಟಿನ ಕೊಳವೆಯಲ್ಲಿ. ಆ ಕೊಳವೆ ಇದೆಯೋ ಇಲ್ಲವೋ ಅನ್ನುವುದರ ಮೇಲೂ ಬೆಲೆ ಏರಿಳಿಯುತ್ತದೆ, ಹಾಗಾಗಿ ಎಸೆಯಬೇಡಿ.

ಅದರಲ್ಲೊಂದನ್ನು ಕೊಟ್ಟು ಬೇರೆ ಹಿಡಿಯದ್ದು ಪಡೆಯಲು ಟೆಕ್ಸಸ್‌ನ ಒಬ್ಬರ ಜೊತೆ ಮಾತಾಯಿತು. ಇಲ್ಲಿ ರೂಢಿ ಏನೆಂದರೆ, ಯಾರಿಗೆ ಹಿಂದಿನ ವ್ಯವಹಾರದ ದಾಖಲೆ ಕಡಿಮೆಯೋ ಅವರು ಮೊದಲು ಕಳಿಸಬೇಕು. ಇಬ್ಬರದೂ ಸಮ ಇದ್ದರೆ ಒಂದೇ ದಿನ ಕಳಿಸಿ, ಟ್ರ್ಯಾಕಿಂಗ್ ನಂಬರ್ ಬದಲಾಯಿಸಿಕೊಳ್ಳಬೇಕು. ಅವರ ದಾಖಲೆ ಜಾಸ್ತಿ ಇತ್ತು, ನನ್ನದು ಕಡಿಮೆ. ನಾನೇ ಮೊದಲು ಕಳಿಸುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ‘ನೀವು ನಿಮ್ಮ ಅಲಗಿನಲ್ಲಿ ಮಾವಿನ ಹಣ್ಣು ಕುಯ್ದದ್ದನ್ನೂ ಬರೆದಿದ್ದೀರಿ, ನನಗೆ ಅಷ್ಟು ಸಾಕು, ಇಬ್ಬರೂ ಸೋಮವಾರ ಕಳಿಸೋಣ’ ಅಂದರು. ಕಳಿಸಿದೆವು. ತಲುಪಿದ ತಕ್ಷಣ ಇಬ್ಬರೂ ‘ಬಂತು, ಹೇಳಿದ ಹಾಗೇ ಇದೆ’ ಅಂತ ಬರೆದೆವು. ಈ ಕೊನೆಯ ಸಾಲು ಬರೆಯುವುದನ್ನು ತುಂಬ ಜನ ಮರೆಯುತ್ತಾರೆ. ಆ ಕಡೆ ಕಳಿಸಿದವರು ಪೊಟ್ಟಣ ಸರಿಯಾಗಿ ಸೇರಿತೋ ಇಲ್ಲವೋ ಅಂತ ಕಾಯುತ್ತಿರುತ್ತಾರೆ. ಟ್ರ್ಯಾಕಿಂಗ್‌ನಲ್ಲಿ ‘ತಲುಪಿದೆ’ ಅಂತ ಬಂದರೆ ಅದು ಬಾಗಿಲಿಗೆ ತಲುಪಿದ ಸುದ್ದಿ ಮಾತ್ರ. ನೀವು ಒಪ್ಪಿದಿರಿ ಅನ್ನುವುದು ನಿಮ್ಮ ಬಾಯಿಂದಲೇ ಬರಬೇಕು.

ಹೊಸ ಕಾಲದ ಚಾಕುಗಳಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಐಡಾಹೊದ ಬಾಯ್ಸಿಯಲ್ಲಿ ಮಾಡುವ ಕ್ರಿಸ್ ರೀವ್ ಕಂಪನಿಯ ಸೆಬೆಂಜಾ ಅನ್ನುವ ಮಡಚುವ ಚಾಕು ಹೊಸದು 400 ಡಾಲರಿಗೂ ಮೇಲೆ. ಅದರ ನಕಲು ಹತ್ತರಲ್ಲೊಂದು ಬೆಲೆಗೆ ಸಿಗುತ್ತದೆ, ಲೋಗೋ ಕೂಡ ಹಾಕಿರುತ್ತಾರೆ. ಅಸಲಿ ಜೊತೆ ಅದನ್ನು ಮಾಡಿದ ತಾರೀಕು ಬರೆದ ಬರ್ತ್ ಕಾರ್ಡ್ ಬರುತ್ತದೆ. ಕಾರ್ಡ್ ಕೇಳಿ, ಬಿಚ್ಚಿದ ಭಾಗಗಳ ಫೋಟೋ ಕೇಳಿ. ತುಂಬ ಕಮ್ಮಿ ಬೆಲೆ ಹಾಕಿ ‘ತುರ್ತಾಗಿ ಮಾರಬೇಕು’ ಅಂದವರನ್ನು ನಾನು ನಂಬುವುದಿಲ್ಲ. ಇಷ್ಟು ಸಾಕು, ಈ ಬಗೆಯ ಚಾಕು ನನ್ನ ಇಷ್ಟದ ಕ್ಷೇತ್ರ ಅಲ್ಲ.

ಕಾನೂನಿನ ಬಗ್ಗೆಯೂ ಮಾರುವವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು. ಗುಂಡಿ ಒತ್ತಿದರೆ ತೆರೆಯುವ ಸ್ವಿಚ್‌ಬ್ಲೇಡ್ ಬಗ್ಗೆ ಅಮೆರಿಕದಲ್ಲಿ 1958ರಿಂದಲೂ ಒಕ್ಕೂಟದ ಕಾನೂನಿದೆ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ನ್ಯೂಯಾರ್ಕ್ ನಗರದಲ್ಲಿ ನಾಲ್ಕು ಇಂಚು ಅಥವಾ ಅದಕ್ಕಿಂತ ಉದ್ದದ ಅಲಗಿನ ಚಾಕುವನ್ನು ಸಾರ್ವಜನಿಕ ಜಾಗದಲ್ಲಿ ಇಟ್ಟುಕೊಂಡು ತಿರುಗುವ ಹಾಗಿಲ್ಲ. ‘ನಿಮ್ಮ ಕಡೆ ಇದು ಸರಿಯೇ?’ ಅಂತ ಮಾರುವವರು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ‘ಕೋನಸ್’ ಅಂತ ಬರೆದಿದ್ದರೆ ಒಂದಕ್ಕೊಂದು ಅಂಟಿಕೊಂಡಿರುವ 48 ರಾಜ್ಯಗಳಿಗೆ ಮಾತ್ರ ಕಳಿಸುತ್ತಾರೆ ಅಂತ ಅರ್ಥ. ಬೆಂಗಳೂರಿನಿಂದ ಸ್ನೇಹಿತರು ‘ನನಗೂ ಒಂದು ಕಳಿಸು’ ಅನ್ನುತ್ತಾರೆ. ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ಯಾರು ಜವಾಬ್ದಾರಿ ಅನ್ನುವ ಪ್ರಶ್ನೆ ಬರುವುದರಿಂದ ನಾನು ಒಪ್ಪಿಕೊಳ್ಳುವುದಿಲ್ಲ. ಹೊರದೇಶಕ್ಕೆ ಕಳಿಸುವುದಿಲ್ಲ ಅಂದವರನ್ನು ಬೇಡಿಕೊಳ್ಳುವುದೂ ಸರಿಯಲ್ಲ.

ಕೊಡಗಿನ ಕತ್ತಿಗಳ ಬಗ್ಗೆ ಹೇಳದೆ ಇರಲಾರೆ. ಪೀಚೆಕತ್ತಿ ಅನ್ನುವ ಚಿಕ್ಕ ಕಠಾರಿ, ಒಡಿಕತ್ತಿ ಅನ್ನುವ ಅಗಲ ಅಲಗಿನ ಬಾಗು ಕತ್ತಿ ಎರಡೂ ವಿದೇಶದ ಆನ್‌ಲೈನ್ ಹರಾಜುಗಳಲ್ಲಿ ಆಗಾಗ ಬರುತ್ತವೆ. ಬೆಳ್ಳಿ ಕಟ್ಟಿದ ಹಿಡಿ, ಬೆಳ್ಳಿ ಸರಪಳಿ, ಸರಪಳಿಯ ತುದಿಗೆ ಚಿಮಟದಂಥ ಪುಟ್ಟ ಸಾಮಾನು. ಸೊಂಟಕ್ಕೆ ಸುತ್ತಿದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಫೋಟೋದಲ್ಲಿ ತುಂಬ ಚೆಂದ ಕಾಣುತ್ತದೆ, ಆಸೆ ಆಗುವುದು ಸಹಜ. ಆದರೆ ವಿವರಣೆಯಲ್ಲಿ ‘19ನೇ ಶತಮಾನ, ದಕ್ಷಿಣ ಭಾರತ’ ಅಂತಷ್ಟೇ ಇರುತ್ತದೆ. ಯಾರ ಐನ್‌ಮನೆಯಿಂದ, ಅಂದ್ರೆ ಯಾವ ಮನೆತನದ ಮೂಲಮನೆಯಿಂದ ಹೊರಟಿತು, ಹೇಗೆ ಹೊರಟಿತು ಅನ್ನುವುದು ಇರುವುದಿಲ್ಲ. ಕೊಡವರಿಗೆ ಅದು ಮದುವೆಯ ಉಡುಪಿನ ಭಾಗ, ಮನೆತನದ ಆಸ್ತಿ. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ. ಆ ಕಾಯ್ದೆಗೆ ಮುಂಚೆ, ಬ್ರಿಟಿಷರ ಕಾಲದಲ್ಲೇ ಹೋದವೂ ಇವೆ. ಯಾವುದು ಯಾವಾಗ ಹೋಯಿತು ಅನ್ನುವ ಕಾಗದ ಕೇಳಿ. ನಾನು ಒಮ್ಮೆ ಕೇಳಿದೆ, ಉತ್ತರ ಬರಲಿಲ್ಲ, ಕೊಳ್ಳಲಿಲ್ಲ. ಮೇಷ್ಟ್ರು ಒಂದು ಕೂದಲೆಳೆ ಬಿರುಕಿನ ಬಗ್ಗೆ ಎರಡು ಸಾಲು ಬರೆದರು. ಮನೆತನದ ಕತ್ತಿ ಮಾರುವವರು ಅದರ ಮನೆ ಯಾವುದು ಅಂತ ಒಂದು ಸಾಲಾದರೂ ಬರೆಯಬೇಕು, ಅಲ್ವಾ?

ಮತ್ತೆ ನನ್ನ ಟ್ರ್ಯಾಪರಿಗೆ ಬರುತ್ತೇನೆ. ಚಾಕುವಿಗೆ ಐದಕ್ಕೆ ನಾಲ್ಕೂವರೆ, ಮಾರಿದವರಿಗೆ ಐದು. ಅರ್ಧ ಅಂಕ ಕಡಿಮೆ ಕೊಟ್ಟದ್ದು ಬಿರುಕಿಗಲ್ಲ, ಬಿರುಕು ಬೆಲೆಯಲ್ಲೇ ಕಳೆದಿತ್ತು. ಮಡಚಿದಾಗ ಉದ್ದ ಅಲಗು ಒಂದು ಬದಿಗೆ ಚೂರು ವಾಲಿದೆ, ಪಕ್ಕದ ಅಲಗಿಗೆ ತಾಗಿ ಸಣ್ಣ ಗೆರೆ ಬಿದ್ದಿದೆ. ಎರಡು ಅಲಗಿನ ಟ್ರ್ಯಾಪರುಗಳಲ್ಲಿ ಇದು ಮಾಮೂಲು, ಮೇಲಿನಿಂದ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದರೆ ಕಾಣುತ್ತಿತ್ತು ಕೂಡ. ಆದರೂ ಅವರಿಗೆ ಬರೆದು ತಿಳಿಸಿದೆ. ದೂರು ಅಲ್ಲ, ವಾಪಸ್ಸೂ ಬೇಡ, ಮುಂದೆ ಟ್ರ್ಯಾಪರ್ ಮಾರುವಾಗ ಇದನ್ನೂ ಒಂದು ಸಾಲು ಸೇರಿಸಿ ಅಂತ. ಅವರು ಹದಿನೈದು ಡಾಲರ್ ವಾಪಸ್ ಕಳಿಸುತ್ತೇನೆ ಅಂದರು. ಬೇಡ ಅಂದೆ. ಈ ವಾರ ಅವರು ಇನ್ನೊಂದು ಕೇಸ್ ಮಾರಾಟಕ್ಕೆ ಹಾಕಿದ್ದಾರೆ, ಮೂರು ಚುಕ್ಕೆಯದು. ವಿವರಣೆಯ ಮೂರನೇ ಸಾಲಿನಲ್ಲೇ ಅಲಗು ತಾಗುತ್ತದೆಯೋ ಇಲ್ಲವೋ ಅಂತ ಬರೆದಿದ್ದಾರೆ. ತಾಗುವುದಿಲ್ಲವಂತೆ. ನಾನು ‘ಐ ವಿಲ್ ಟೇಕ್ ಇಟ್’ ಅಂತ ಬರೆದಾಗಿದೆ.